ಇಬ್ಬರು ಉಂಡ ಬುತ್ತಿ

ಖಾನಾಪುರದ ಬಜಾರದಲ್ಲಿ ವರ್ಷಕ್ಕೊಮ್ಮೆ ಮಾನಸಿಕ ಆರೋಗ್ಯದ ಜಾಥಾ ಹೊರಡುತ್ತದೆ. ಗುಲಾಬಿ ಸೀರೆಯ ಆಶಾ ಕಾರ್ಯಕರ್ತೆಯರು ಸಾಲಾಗಿ ನಿಲ್ಲುತ್ತಾರೆ, ಸಾಲೆಯ ಮಕ್ಕಳು ಫಲಕ ಹಿಡಿಯುತ್ತಾರೆ, ಮೈಕು ಪ್ರಮಿಳಾಳ ಕೈಗೆ ಬರುತ್ತದೆ. ಆಕೆಯ ಗಂಟಲು ದೊಡ್ಡದು. ಕನ್ನಡದಲ್ಲಿ ಕೂಗಿದ್ದನ್ನು ಉಸಿರು ತೆಗೆದುಕೊಳ್ಳದೆ ಮರಾಠಿಯಲ್ಲಿ ಕೂಗಬಲ್ಲಳು. “ಮನಸ್ಸಿಗೂ ಬ್ಯಾನಿ ಬರ್ತೈತಿ! ಮುಚ್ಚಿಡಬ್ಯಾಡ್ರಿ, ತೋರಸ್ರಿ!” ಎಂದು ಆಕೆ ಕೂಗಿದರೆ ಪಾನಿನ ಅಂಗಡಿಯವರು ನಕ್ಕು, “ಮೊದಲ ನಮ್ಮ ಸಾವಕಾರನ್ನ ಕರಕೊಂಡ ಹೋಗ್ರಿ” ಎನ್ನುತ್ತಾರೆ. ಸಾಹೇಬರು ಫೋಟೊ ತೆಗೆಸಿಕೊಂಡು ಜೀಪು ಹತ್ತುತ್ತಾರೆ. ಮಕ್ಕಳಿಗೆ ಬಿಸ್ಕೀಟು ಹಂಚಿದರೆ ಆ ವರ್ಷದ ಅರಿವು ಮುಗಿಯಿತು.

ಮುಚ್ಚಿಡಬೇಡಿ ಎಂದು ಊರಿಗೆಲ್ಲ ಸಾರಿದ ಪ್ರಮಿಳಾ, ಮಾರನೆಯ ಮುಂಜಾನೆ ಅಡುಗೆ ಮನೆಯಲ್ಲಿ ಮೆಂತ್ಯದ ಡಬ್ಬಿಯ ಹಿಂದೆ ಕೈ ಹಾಕಿ ಒಂದು ಪುಟ್ಟ ಬಾಟಲಿ ತೆಗೆಯುತ್ತಿದ್ದಳು. ಬಣ್ಣವಿಲ್ಲದ, ರುಚಿಯಿಲ್ಲದ ಔಷಧ. ಗಂಡನ ಬುತ್ತಿಯ ಮೊಸರನ್ನದಲ್ಲಿ ಅದರ ಹನಿ ಬಿಟ್ಟು, ಕಲಸಿ, ಮೇಲೊಂದು ಉಪ್ಪಿನಕಾಯಿ ಹೋಳು ಇಟ್ಟು, ಡಬ್ಬಿಯ ಮುಚ್ಚಳ ಒತ್ತುತ್ತಿದ್ದಳು. ಗಂಡ ಆಗ ಹಿತ್ತಲ ಕೋಣೆಯಲ್ಲಿ ಲಿಂಗಪೂಜೆಗೆ ಕುಳಿತಿರುತ್ತಿದ್ದ. ಇದನ್ನು ಕೇಳಿ ಆಕೆಯನ್ನು ಕಪಟಿ ಎಂದುಬಿಡುವುದು ಬಹಳ ಸುಲಭ. ಹಾಗೆ ಅನ್ನುವವರ ಗಂಡ ಒಂದು ದಿನ ಅವರ ಕೈಯ ಅನ್ನ ಬಿಡಲಿ, ಆಮೇಲೆ ಮಾತಾಡೋಣ.

ಗುರುಪಾದಪ್ಪ ಬಿಟ್ಟಿದ್ದ. ಅವನು ಬೆಳಗಾವಿಯ ರವಿವಾರ ಪೇಟೆಯ ಒಂದು ಬೆಲ್ಲದ ಅಂಗಡಿಯಲ್ಲಿ ತಕ್ಕಡಿಯ ಮುಂದೆ ನಿಲ್ಲುವ ಆಳು. ತೂಕದಲ್ಲಿ ಚೊಕ್ಕ, ಮಾತು ಕಮ್ಮಿ, ಹಣೆಯ ವಿಭೂತಿ ಸಂಜೆಯವರೆಗೂ ಅಳಿಸದಂತೆ ಬೆವರು ಒರೆಸಿಕೊಳ್ಳುವ ಮನುಷ್ಯ. ಆರೇಳು ವರ್ಷದ ಹಿಂದೆ ಅವನಿಗೆ ಏನೋ ಶುರುವಾಯಿತು. ಮೊದಲು ನಿದ್ದೆ ಹೋಯಿತು. ಆಮೇಲೆ ಬಾಜು ಮನೆಯವರು ತನ್ನ ಬಗ್ಗೆಯೇ ಮಾತಾಡುತ್ತಾರೆ ಎಂದ. ಕಡೆಗೆ ಒಂದು ದಿನ ಊಟಕ್ಕೆ ಕುಳಿತವನು ರೊಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿ, “ಇದರಾಗ ಏನರೇ ಕಲಸಿಯೇನ?” ಎಂದು ಕೇಳಿದ.

ಪ್ರಮಿಳಾ ನಕ್ಕಳು. ಅವನು ನಗಲಿಲ್ಲ.

ಅವತ್ತಿನಿಂದ ಅವನು ಸಿಪ್ಪೆ ಇದ್ದದ್ದನ್ನಷ್ಟೇ ತಿಂದ. ಬಾಳೆಹಣ್ಣು, ಸಿಪ್ಪೆ ಬಿಡಿಸದ ಶೇಂಗಾ, ತಾನೇ ಒಡೆದ ತೆಂಗಿನಕಾಯಿ. ದೇವರು ಮುಚ್ಚಿ ಕಳಿಸಿದ್ದರಲ್ಲಿ ಯಾರೂ ಏನೂ ಕಲಸಲಾರರು ಎಂಬ ಲೆಕ್ಕ. ನೀರನ್ನು ತಾನೇ ನಳದಿಂದ ಹಿಡಿದು ಕುಡಿಯುತ್ತಿದ್ದ. ಆಕೆ ಒಲೆಯ ಮುಂದೆ ನಿಂತರೆ ಬಾಗಿಲಲ್ಲಿ ನಿಂತು ಆಕೆಯ ಕೈ ನೋಡುತ್ತಿದ್ದ. ಬೈದಿಲ್ಲ, ಹೊಡೆದಿಲ್ಲ. ನೋಡುತ್ತಿದ್ದ, ಅಷ್ಟೇ. ಇಪ್ಪತ್ತು ವರ್ಷ ಉಂಡ ಕೈಯನ್ನು ಕಳ್ಳನ ಕೈ ನೋಡಿದ ಹಾಗೆ ನೋಡಿದರೆ ಆ ಕೈಗೆ ಏನಾಗುತ್ತದೆ ಎಂದು ಪ್ರಮಿಳಾಗೆ ಆಗ ಗೊತ್ತಾಯಿತು. ಮರಗಟ್ಟುತ್ತದೆ. ಆಕೆ ಹಿಟ್ಟು ನಾದುತ್ತಿದ್ದಳು, ಹಿಟ್ಟು ತಣ್ಣಗಿದೆಯೋ ಬೆಚ್ಚಗಿದೆಯೋ ತಿಳಿಯುತ್ತಿರಲಿಲ್ಲ.

ಬೀಡಿ ಎಂಬ ಊರಿನಿಂದ ಅವನ ಅಣ್ಣ ಬಾಳಪ್ಪ ಬಂದು ನೋಡಿದ. ಬೂದಿ ತಂದು ಹಚ್ಚಿದ, ಯಾವುದೋ ಗಿಡದ ಬೇರು ಕಟ್ಟಿದ. ಹೋಗುವಾಗ ಪ್ರಮಿಳಾಳನ್ನು ಕರೆದು, “ದವಾಖಾನಿ ಗಿವಾಖಾನಿ ಅಂತ ತಿರಗಬ್ಯಾಡ. ಹುಚ್ಚ ಅಂತ ಹೆಸರ ಬಿದ್ರ ನಾಳೆ ಸಮೃದ್ಧಿನ್ನ ಯಾರ ತಗೋತಾರ?” ಎಂದ. ಸಮೃದ್ಧಿ ಅವರ ಒಬ್ಬಳೇ ಮಗಳು, ಆಗ ಬೆಳಗಾವಿಯ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು.

ಪ್ರಮಿಳಾಗೆ ಇದು ರೋಗ ಎಂದು ಗೊತ್ತಿತ್ತು. ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ತಾಲೂಕು ದವಾಖಾನೆಯಲ್ಲಿ ಮಂಗಳವಾರ ಮನೋರೋಗದ ಡಾಕ್ಟರು ಬರುತ್ತಾರೆ ಎಂದು ಮನೆಮನೆಗೆ ಹೋಗಿ ಹೇಳುವವಳೇ ಆಕೆ. ಆದರೆ ಆ ಮಂಗಳವಾರದ ಸಾಲಿನ ಮುಂದೆ ನಿಂತು ಹೆಸರು ಕರೆಯುವವಳೂ ಆಕೆಯೇ. ತನ್ನ ಗಂಡನ ಹೆಸರನ್ನು ತಾನು ಹೇಗೆ ಕರೆಯುವುದು? ಊರಿಗೆ ಹೇಳುವ ಮಾತು ಊರಿಗೆ, ಮನೆಯ ಮಾತು ಮನೆಗೆ. ಅವನಿಗೆ ತನ್ನ ಕಣ್ಣಿನ ತಪಾಸಣೆ ಎಂದು ಸುಳ್ಳು ಹೇಳಿ, ಬೆಳಗಾವಿಯಲ್ಲಿ ಯಾರೂ ಗುರುತು ಹಿಡಿಯದ ಒಬ್ಬ ಡಾಕ್ಟರ ಬಳಿ ಕರೆದೊಯ್ದಳು. ಡಾಕ್ಟರು ಅವನೊಂದಿಗೆ ಬಹಳ ಹೊತ್ತು ಮಾತಾಡಿದರು. ಗುಳಿಗೆ ಕೊಟ್ಟರೆ ಅವನು ಮೇಜಿನ ಮೇಲೇ ಬಿಟ್ಟು ಎದ್ದ. ಆಮೇಲೆ ಆಕೆ ಒಬ್ಬಳೇ ಹೋಗಿ ಅತ್ತಳು. ಡಾಕ್ಟರು ಹನಿಯ ಬಾಟಲಿ ಬರೆದುಕೊಟ್ಟು, “ಸ್ವಲ್ಪ ದಿವಸ ಅಷ್ಟೇ ಹೀಂಗ ಕೊಡ್ರಿ. ಮನಸ್ಸು ತಿಳಿ ಆದ ಕೂಡ್ಲೇ ಅವ್ರಿಗೆ ಹೇಳಿ ಕರಕೊಂಡ ಬರ್ರಿ. ಕೈಕಾಲು ಬಿಗಿ ಆದ್ರ, ಬೆರಳು ನಡಗಿದ್ರ, ಬಾಯಾಗ ಜೊಲ್ಲು ಬಂದ್ರ ಒಂದ ದಿವಸಾನೂ ತಡಾ ಮಾಡಬ್ಯಾಡ್ರಿ” ಎಂದರು. ಆಕೆ ಹೂಂ ಅಂದಳು.

ಮನೆಯಲ್ಲಿ ಏನೂ ಮುಟ್ಟದವನು ಬುತ್ತಿ ಮಾತ್ರ ಒಯ್ಯುತ್ತಿದ್ದ. ಪೇಟೆಯಲ್ಲಿ ಮಧ್ಯಾಹ್ನ ಎಲ್ಲರೂ ಚೀಲಗಳ ನಡುವೆ ಗುಂಡಾಗಿ ಕುಳಿತು ಡಬ್ಬಿ ತೆರೆಯುತ್ತಾರೆ. ಬುತ್ತಿ ಇಲ್ಲದೆ ಕುಳಿತರೆ ಮನೆಯಲ್ಲಿ ಜಗಳವೇ, ಹೆಂಡತಿ ತವರಿಗೆ ಹೋದಳೇ ಎಂದು ಕೇಳಿ ಜೀವ ತಿನ್ನುತ್ತಾರೆ. ಆ ನಾಚಿಕೆಗಾಗಿ ಒಯ್ಯುತ್ತಿದ್ದ. ಸಂಜೆ ಡಬ್ಬಿ ಖಾಲಿ ಬರುತ್ತಿತ್ತು. ಪ್ರಮಿಳಾ ಮೊಸರನ್ನದಲ್ಲಿ ಹನಿ ಬಿಡತೊಡಗಿದಳು. ಒಂದೆರಡು ತಿಂಗಳಲ್ಲಿ ಗಂಡ ಬಾಗಿಲಲ್ಲಿ ನಿಲ್ಲುವುದನ್ನು ಬಿಟ್ಟ. ಒಂದು ಸಂಜೆ ತಾನಾಗಿಯೇ ತಾಟಿನ ಮುಂದೆ ಕುಳಿತು, “ಪಲ್ಯ ಹಾಕು” ಎಂದ. ಆಕೆ ಹಾಕಿದಳು. ಅವನು ಉಂಡ. ಅವತ್ತು ಆಕೆಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ತಾಟು ತೊಳೆದಿಟ್ಟು ಮಲಗಿದಳು.

ಅವನಿಗೆ ಹೇಳಬೇಕಾದ ದಿನ ಅದೇ. ನಾಳೆ ಹೇಳಿದರಾಯಿತು ಎಂದುಕೊಂಡಳು. ಏನೆಂದು ಹೇಳುವುದು? ನನ್ನ ಊಟದಲ್ಲಿ ನೀನೇನೋ ಕಲಸುತ್ತಿ ಎನ್ನುವುದೇ ಅವನ ರೋಗ. ಕಲಸುತ್ತೇನೆ ಎನ್ನುವುದು ಆಕೆಯ ಔಷಧ. ಈ ಗಂಟನ್ನು ಬಿಚ್ಚಲು ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ. ನಾಳೆ ಎನ್ನುತ್ತ ವರ್ಷಗಳು ಹೋದವು. ಬಾಟಲಿ ತೀರಿದಾಗ ಒಬ್ಬಳೇ ಬೆಳಗಾವಿಗೆ ಹೋಗಿ, ಅವರಿಗೆ ಪುರಸೊತ್ತಿಲ್ಲ ಎಂದು ಹೇಳಿ ಹೊಸ ಬಾಟಲಿ ತರುತ್ತಿದ್ದಳು. ಡಾಕ್ಟರು ಪ್ರತಿ ಸಲ ಕರೆತನ್ನಿ ಎನ್ನುತ್ತಿದ್ದರು. ಆಕೆ ಪ್ರತಿ ಸಲ ಹೂಂ ಅನ್ನುತ್ತಿದ್ದಳು.

ಹೋದ ಚಳಿಗಾಲದಲ್ಲಿ ಗುರುಪಾದಪ್ಪನ ಕಣ್ಣು ಮತ್ತೆ ಹಳೆಯ ಹಾಗೆ ಅತ್ತಿತ್ತ ಓಡತೊಡಗಿತು. ರಾತ್ರಿ ಎದ್ದು ಚಿಲಕ ನೋಡಿ ಬರುತ್ತಿದ್ದ. ಈ ಸಲ ಪ್ರಮಿಳಾ ಡಾಕ್ಟರನ್ನು ಕೇಳಲೂ ಇಲ್ಲ. ತಾನೇ ಹನಿ ಹೆಚ್ಚಿಸಿದಳು.

ಇಸಾಕನ ಸುದ್ದಿ ಬಂದದ್ದು ಅದಾದ ಕೆಲವು ತಿಂಗಳಿಗೆ. ಇಸಾಕ ಅದೇ ಅಂಗಡಿಯ ಹಮಾಲ. ಖಾನಾಪುರದವನೇ. ಗುರುಪಾದಪ್ಪನ ಜೊತೆ ಅದೇ ಬಸ್ಸಿನಲ್ಲಿ ಹೋಗಿ ಅದೇ ಬಸ್ಸಿನಲ್ಲಿ ಬರುವವನು. ಚೀಲ ಹೊರುವುದಕ್ಕಿಂತ ಚೀಲದ ಬಾಯಿ ಹೊಲಿಯುವುದರಲ್ಲಿ ಅವನ ಹೆಸರು. ದಬ್ಬಣ ಹಿಡಿದರೆ ಮಾತಾಡುತ್ತಲೇ ಹೊಲಿದು ಮುಗಿಸುತ್ತಿದ್ದ, ನಕ್ಕರೆ ಪೇಟೆಯ ಆ ತುದಿಗೆ ಕೇಳುತ್ತಿತ್ತು. ಅಂಥವನ ಕೈ ನಿಧಾನವಾಯಿತಂತೆ. ದಬ್ಬಣ ಬೀಳತೊಡಗಿತಂತೆ. ಸಾವಕಾರ ಕುಡಿದು ಬರುತ್ತಾನೆ ಎಂದುಕೊಂಡು ಮನೆಗೆ ಕಳಿಸಿದ. ಕೆಲವು ದಿನ ಮನೆಯಲ್ಲಿದ್ದು ಹುಷಾರಾಗಿ ಮತ್ತೆ ಹೋದ, ಮತ್ತೆ ಅದೇ ಆಯಿತು. ಓಣಿಯ ಜನಕ್ಕೆ ಇಷ್ಟು ಸಾಕು. ಕೆಲವರು ಕಳ್ಳ ನೆವ ಎಂದರು, ಕೆಲವರು ಗಾಳಿ ಬಡಿದಿದೆ ಎಂದರು, ಕಡೆಗೆ ಎಲ್ಲರೂ ಸೇರಿ ಹುಚ್ಚ ಎಂದರು.

ಆಶಾ ಕಾರ್ಯಕರ್ತೆಯಾಗಿ ಪ್ರಮಿಳಾ ಅವನ ಮನೆಗೆ ಹೋದಳು. ಹೆಂಡತಿ ಬಿಲ್ಕೀಸ ಬಾಗಿಲು ತೆರೆದು, “ಬರ್ರಿ ಪ್ರಮಿಳಕ್ಕಾ, ಕುಂದರ್ರಿ” ಎಂದು ಚಾಪೆ ಹಾಸಿದಳು. ಇಸಾಕ ಗೋಡೆಗೆ ಒರಗಿ ಕುಳಿತಿದ್ದ. ತೋಳಿಗೆ ತಾಯತ. ಗುರುತು ಹಿಡಿದು, “ಬರ್ರಿ ವೈನಿ” ಎಂದ. ಮಾತು ಎಲ್ಲೋ ದೂರದಿಂದ ಬಂದ ಹಾಗಿತ್ತು. ಮುಖದಲ್ಲಿ ನಗು ಇರಲಿಲ್ಲ, ದುಃಖವೂ ಇರಲಿಲ್ಲ. ಏನೂ ಇರಲಿಲ್ಲ.

“ಏನ ಆಗೇತೋ ತಿಳೀವಲ್ದ ನೋಡ್ರಿ. ಮನ್ಯಾಗ ಇದ್ರ ಸುದಾರಸ್ತಾರ, ಕೆಲಸಕ್ಕ ಹೋದ್ರ ಮತ್ತ ಹಿಂಗ. ಅಂಗಡ್ಯಾಗ ಯಾರೋ ಮಾಡಿಸ್ಯಾರ ಅಂತಾರ್ರೀ. ನಿನ್ನೆ ಮತ್ತ ಅಲ್ಲಿಂದ ಎತ್ತಿಕೊಂಡ ಬಂದಾರ.” ಬಿಲ್ಕೀಸ ಚಹಾದ ಕಪ್ಪು ಮುಂದಿಟ್ಟು ಸೆರಗಿನಿಂದ ಗಂಡನ ಬಾಯಿ ಒರೆಸಿದಳು. ಅಲ್ಲಿ ಜೊಲ್ಲಿತ್ತು.

ಪ್ರಮಿಳಾ ಅವನಿಗೆ ಕೈ ಮುಂದೆ ಮಾಡಲು ಹೇಳಿದಳು. ಬೆರಳು ನಡುಗುತ್ತಿದ್ದವು. ಮೊಣಕೈ ಮಡಚಲು ಹೋದರೆ ಒಣಗಿದ ತೊಗಲಿನ ಹಾಗೆ ಬಿಗಿ. ಆಕೆ ಬಾಯಿಪಾಠದಂತೆ, “ಮಂಗಳವಾರ ದವಾಖಾನಿಗೆ ಕರಕೊಂಡ ಬಾ, ಬಿಲ್ಕೀಸ. ಡಾಕ್ಟರ್ ಬರ್ತಾರ” ಎಂದಳು. ಹೇಳಿ ಮುಗಿಯುವುದರೊಳಗೆ ಬೆಳಗಾವಿಯ ಡಾಕ್ಟರ ಮಾತು ನೆನಪಾಯಿತು. ಬಿಗಿ, ನಡುಕ, ಜೊಲ್ಲು. ಗಂಡನಲ್ಲಿ ಬರಬೇಕಾದದ್ದು, ಬಾರದೆ ಇದ್ದದ್ದು.

ಅಷ್ಟರಲ್ಲಿ ಬಿಲ್ಕೀಸ ಹೇಳುತ್ತಿದ್ದಳು, “ಗುರಪಾದಣ್ಣ ದೇವರಂಥಾಂವ್ರೀ. ತನ್ನ ಬುತ್ತಿ ಮೊಸರನ್ನ ಇವರಿಗೇ ಉಣಸ್ತಾನಂತ. ನಿಮ್ಮ ಕೈದು ಅಂದ್ರ ಇವರಿಗೆ ಜೀವ.”

ಪ್ರಮಿಳಾ ಚಹಾ ಕುಡಿದು ಮುಗಿಸಿದಳು. ಬಿಸಿ ಇತ್ತೋ ಆರಿತ್ತೋ ಆಮೇಲೆ ನೆನಪಿಗೆ ಬರಲಿಲ್ಲ. ಎದ್ದು ಚಪ್ಪಲಿ ಮೆಟ್ಟಿ ಮನೆಗೆ ಬಂದಳು. ದಾರಿಯಲ್ಲಿ ಯಾರೋ ನಮಸ್ಕಾರ ಅಂದರು, ತಿರುಗಿ ಅಂದಳು.

ಸಂಜೆ ಗಂಡ ಬಂದು ಕೈಕಾಲು ತೊಳೆದು ಕುಳಿತ ಮೇಲೆ ಕೇಳಿದಳು.

“ನಿಮ್ಮ ಬುತ್ತಿ ಇಸಾಕ ಉಣ್ತಾನೇನ್ರಿ?”

“ಹೂಂ. ಯಾಕ?”

“ಸುಮ್ನ ಕೇಳ್ದೆ. ಎಂದಿನಿಂದ?”

ಗುರುಪಾದಪ್ಪ ಟವೆಲಿನಿಂದ ಕೈ ಒರೆಸಿಕೊಂಡ. ಆಮೇಲೆ, ಎಂದೂ ಆಡದ ಮಾತನ್ನು ಆಡಿದ. “ನನಗ ಮದ್ಲ ಒಂದೀಟ ತಲಿ ಕೆಟ್ಟಿತ್ತಲ್ಲ, ಆವಾಗಿಂದ. ನಿನ್ನ ಕೈ ಅಡಗಿ ಅಂದ್ರ ಅಂಜಿಕಿ ಬರ್ತಿತ್ತು. ಡಬ್ಬಿ ತೆರೀತಿದ್ದೆ, ಉಣ್ಣಾಕ ಆಗ್ತಿದ್ದಿಲ್ಲ. ಎಲ್ಲಾ ಇಸಾಕಗ ಕೊಡ್ತಿದ್ದೆ. ಅಂವ ಗಪಗಪ ಉಣ್ತಿದ್ದ. ನಾ ಅವನ ಮಾರಿ ನೋಡ್ಕೋತ ಕುಂದರ್ತಿದ್ದೆ. ಅಂವಗ ಏನೂ ಆಗ್ಲಿಲ್ಲ. ದಿನಾ ಉಂಡ, ದಿನಾ ನಕ್ಕ. ಒಂದ ದಿವಸ ನಾನೂ ಒಂದ ತುತ್ತ ಉಂಡೆ. ಆಮ್ಯಾಲೆ ಅರ್ಧಾ ಅಂವ, ಅರ್ಧಾ ನಾ. ಹಂಗ ನಿನ್ನ ಕೈ ಮ್ಯಾಲೆ ನನಗ ನಂಬಿಗಿ ಬಂತು ನೋಡು.” ಆಮೇಲೆ ನೆನಪಾದವನ ಹಾಗೆ, “ಚಳಿಗಾಲದಾಗ ಕೆಮ್ಮ ಹತ್ತಿತ್ತಲ್ಲ, ಆವಾಗಿಂದ ಮೊಸರ ಬಿಟ್ಟೇನಿ. ಎಲ್ಲಾ ಅವನ ಉಣ್ತಾನ. ಉಣ್ತಿದ್ದ” ಎಂದ.

ಇಷ್ಟೇ. ಪ್ರಮಿಳಾ ಕುಳಿತಲ್ಲೇ ಎಲ್ಲ ಜೋಡಿಸಿಕೊಂಡಳು. ಗಂಡನ ರೋಗ ತಿರುಗಿ ಬಂದದ್ದು ಔಷಧ ಕಮ್ಮಿಯಾಗಿ ಅಲ್ಲ, ಇಲ್ಲದೆ. ಆಕೆ ಹೆಚ್ಚಿಸಿದ ಹನಿ ಹೋದದ್ದು ಇಸಾಕನ ಹೊಟ್ಟೆಗೆ. ಈ ಸೀಮೆಯಲ್ಲಿ ಡಬ್ಬಿ ತೆರೆದವನು ಬಾಜು ಕುಳಿತವನಿಗೆ ಒಂದು ತುತ್ತು ಕೊಡದೆ ಉಣ್ಣುವುದಿಲ್ಲ ಎಂಬುದು ಎಳೆಗೂಸಿಗೂ ಗೊತ್ತು. ಆಕೆಗೂ ಗೊತ್ತಿತ್ತು. ಬುತ್ತಿ ಕಟ್ಟುವಾಗ ಎರಡು ರೊಟ್ಟಿ ಹೆಚ್ಚಿಗೆ ಇಡುತ್ತಿದ್ದವಳು ಆಕೆಯೇ. ಹನಿ ಬಿಡುವಾಗ ಮಾತ್ರ ಅದು ಒಬ್ಬನ ಡಬ್ಬಿ ಎಂದುಕೊಂಡಿದ್ದಳು.

ಅಳು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಮಾರನೆಯ ಮುಂಜಾನೆ ಮೊಸರನ್ನ ಬರೇ ಮೊಸರನ್ನವಾಗಿ ಹೋಯಿತು. ಹನಿ ಗಂಡನ ಚಹಾಕ್ಕೆ ಬಿತ್ತು, ಹಳೆಯ ಲೆಕ್ಕದಲ್ಲಿ. ಚಹಾ ಅವನು ಮನೆಯಲ್ಲೇ ಕುಡಿಯುತ್ತಾನೆ, ಯಾರಿಗೂ ಕೊಡುವುದಿಲ್ಲ. ಕೆಲವು ದಿನದಲ್ಲಿ ಇಸಾಕ ಸುಧಾರಿಸುತ್ತಾನೆ. ಯಾರಿಗೂ ಏನೂ ಗೊತ್ತಾಗುವುದಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಇಡೀ ಸಂಸಾರ ಉಳಿಯುತ್ತದೆ. ಇಷ್ಟು ಸಲೀಸಾದ ದಾರಿ ಎದುರಿಗಿರುವಾಗ ಯಾರು ತಾನೇ ಅದರಲ್ಲಿ ಕಾಲಿಡುವುದಿಲ್ಲ? ಆಕೆಯೂ ಇಟ್ಟಳು.

ಆದರೆ ಮಂಗಳವಾರ ಬಂದೇ ಬಂತು. ಬರಬೇಡಿ ಎಂದು ಬಿಲ್ಕೀಸಗೆ ಹೇಳಲು ಪ್ರಮಿಳಾಗೆ ಯಾವ ಕಾರಣವೂ ಸಿಗಲಿಲ್ಲ. ದವಾಖಾನೆಯ ಅಂಗಳದಲ್ಲಿ ಸಾಲು ಬೆಳೆದಿತ್ತು. ಸೆರಗು ಮುಖಕ್ಕೆ ಎಳೆದುಕೊಂಡವರು, ನಾವು ಬೇರೆ ಕೆಲಸಕ್ಕೆ ಬಂದಿದ್ದೇವೆ ಎಂಬಂತೆ ದೂರದ ಬೇವಿನ ಗಿಡದ ಕೆಳಗೆ ನಿಂತವರು. ಸಾಲಿನ ನಡುವೆ ಇಸಾಕ. ಒಂದು ಬದಿಗೆ ಬಿಲ್ಕೀಸ. ಇನ್ನೊಂದು ಬದಿಗೆ, ಕೆಲಸಕ್ಕೆ ರಜೆ ಹಾಕಿ, ಗೆಳೆಯನ ಹೆಗಲ ಮೇಲೆ ಕೈಯಿಟ್ಟು ನಿಂತವನು ಗುರುಪಾದಪ್ಪ.

ಪ್ರಮಿಳಾ ಹೆಸರು ಕರೆದಳು. ಮೂವರೂ ಒಳಗೆ ಬಂದರು. ಡಾಕ್ಟರು ಸಣ್ಣ ವಯಸ್ಸಿನವರು, ದಣಿದಿದ್ದರು, ಆದರೂ ಸಮಾಧಾನದಿಂದ ಕೇಳಿದರು. ನಿದ್ದೆ ಬರುತ್ತದೆಯೇ, ಕಿವಿಯಲ್ಲಿ ಮಾತು ಕೇಳುತ್ತದೆಯೇ, ಯಾರಾದರೂ ಬೆನ್ನು ಹತ್ತಿದ ಹಾಗೆ ಅನಿಸುತ್ತದೆಯೇ. ಇಸಾಕ ಎಲ್ಲಕ್ಕೂ ತಡವಾಗಿ, ಇಲ್ಲವೆಂದು ತಲೆ ಅಲ್ಲಾಡಿಸಿದ. ಡಾಕ್ಟರು ಅವನ ಕೈ ಹಿಡಿದು ಮಡಚಿ ನೋಡಿದರು. ಹುಬ್ಬು ಗಂಟಾಯಿತು.

“ಇವ್ರು ಏನಾದ್ರೂ ಔಷಧ ತಗೋತಿದ್ರೇನು?”

“ಏನೂ ಇಲ್ರಿ ಸಾಹೇಬ್ರ,” ಬಿಲ್ಕೀಸ ಅಂದಳು. “ತಲಿ ನೋವಿನ ಗುಳಿಗಿ ಸೈತ ನುಂಗಾವ್ರಲ್ಲ.”

“ಸರಿಯಾಗಿ ನೆನಪು ಮಾಡ್ಕೋರಿ. ಔಷಧದಿಂದ ಆದಂಗ ಕಾಣ್ತದ. ಇಲ್ಲಂದ್ರ ಇದು ಬ್ಯಾರೇ ರೋಗ. ಬೆಳಗಾವಿಗೆ ಕಳಸಬೇಕು, ವರ್ಷಾನುಗಟ್ಟಲೆ ಗುಳಿಗಿ ಶುರು ಮಾಡಬೇಕಾಗ್ತದ.”

ಬಿಲ್ಕೀಸ ಮತ್ತೆ ಇಲ್ಲ ಅಂದಳು. ಡಾಕ್ಟರು ಪೆನ್ನು ಎತ್ತಿದರು. ಪ್ರಮಿಳಾ ಬಾಗಿಲ ಬಳಿ ನಿಂತಿದ್ದಳು. ಹೊರಗಿನ ಸಾಲು ಕಾಣುತ್ತಿತ್ತು. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಪೆನ್ನು ಇಳಿಯುತ್ತದೆ, ಇಲ್ಲದ ರೋಗ ಒಬ್ಬನ ಹೆಸರಿಗೆ ಅಂಟುತ್ತದೆ. ಆಕೆ ಗಂಡನ ಕಡೆ ನೋಡಲಿಲ್ಲ. ನೋಡಿದ್ದರೆ ಮಾತು ಹೊರಡುತ್ತಿರಲಿಲ್ಲ.

“ತಗೊಂಡಾನ್ರಿ ಸರ್. ಅವಗ ಗೊತ್ತಿಲ್ಲ. ನನ್ನ ಗಂಡಗ ಅಂತ ಮೊಸರನ್ನದಾಗ ನಾನ ಹಾಕ್ತಿದ್ನಿರಿ. ಇಂವ ಉಂಡಾನ.” ಬಾಟಲಿಯ ಹೆಸರು ಹೇಳಿದಳು. ಎಷ್ಟು ಹನಿ, ಎಂದಿನಿಂದ ಎಂಬುದನ್ನೂ ಹೇಳಿದಳು. ಮೈಕಿನಲ್ಲಿ ಕೂಗುವಾಗಿನ ಅದೇ ದನಿ, ಬರೇ ಸಣ್ಣದಾಗಿತ್ತು.

ಡಾಕ್ಟರು ಪೆನ್ನು ಕೆಳಗಿಟ್ಟರು. ಬಿಲ್ಕೀಸಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಆಕೆ ಕಿರುಚಲಿಲ್ಲ. “ಪ್ರಮಿಳಕ್ಕಾ, ಓಣಿ ಮಂದಿ ನನ್ನ ಗಂಡನ್ನ ಹುಚ್ಚ ಅಂದ್ರು. ನೀವು ನಮ್ಮ ಮನ್ಯಾಗ ಕುಂತು ಚಾ ಕುಡದ್ರಿ” ಎಂದಳು.

ಗುರುಪಾದಪ್ಪ ಇಸಾಕನ ಹೆಗಲ ಮೇಲಿನ ಕೈ ತೆಗೆದಿರಲಿಲ್ಲ. ಅವನು ಹೆಂಡತಿಯ ಕೈಗಳನ್ನು ನೋಡುತ್ತಿದ್ದ, ಆಗ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹಾಗೆಯೇ.

“ಅಂದ್ರ ನಾ ಅವತ್ತ ಅಂದದ್ದು ಖರೇ ಇತ್ತು,” ಎಂದ.

“ಆವಾಗ ಹಾಕಿದ್ದಿಲ್ರಿ. ನೀವು ಅಂದ ಮ್ಯಾಲೆ ಹಾಕೇನಿ.”

ಎಷ್ಟು ಖರೇ ಮಾತೋ ಅಷ್ಟೇ ನಂಬಲಾಗದ ಮಾತು. ಆಡಿದವಳಿಗೂ ಅದು ಗೊತ್ತಿತ್ತು. ಅವನು ಬೈದಿದ್ದರೆ, ಒಂದು ಏಟು ಹಾಕಿದ್ದರೆ ಆಕೆಗೆ ಹಗುರಾಗುತ್ತಿತ್ತೇನೋ. ಅವನು ತಲೆಯಾಡಿಸಿದ, ಅಷ್ಟೇ.

ಡಾಕ್ಟರು ಇಸಾಕನಿಗೆ ಹೇಳಿದರು, ಇದು ನಿಮ್ಮ ರೋಗವಲ್ಲ, ಔಷಧ ಹೊಟ್ಟೆಗೆ ಹೋಗದಿದ್ದರೆ ಇಳಿಯುತ್ತದೆ, ಕೈ ಮೊದಲಿನಂತಾಗುತ್ತದೆ ಎಂದು. ಆಮೇಲೆ ಗುರುಪಾದಪ್ಪನನ್ನು ಎದುರಿಗೆ ಕೂರಿಸಿಕೊಂಡು ಅವನ ರೋಗದ ಹೆಸರು ಹೇಳಿದರು. ಅದು ಹೇಗೆ ಬರುತ್ತದೆ, ಏನು ಮಾಡುತ್ತದೆ, ಔಷಧ ಏನು ಮಾಡುತ್ತದೆ ಎಂದು ತಿಳಿಸಿ ಹೇಳಿದರು. ಇಷ್ಟು ವರ್ಷದಲ್ಲಿ ಆ ಮನುಷ್ಯನ ರೋಗವನ್ನು ಆ ಮನುಷ್ಯನಿಗೆ ಯಾರೂ ಹೇಳಿರಲಿಲ್ಲ. ಅವನು ಸಾಲೆಯ ಹುಡುಗನಂತೆ ಕೈ ಕಟ್ಟಿ ಕೇಳಿದ.

“ಸಕ್ಕರಿ ಬ್ಯಾನಿಗೆ ದಿನಾ ಗುಳಿಗಿ ತಗೋತಾರಲ್ರಿ, ಹಂಗೇನ್ರಿ ಇದು?”

“ಹಂಗ ಅನ್ಕೋರಿ. ಹೇಳದ ಕೊಟ್ಟದ್ದು ತಪ್ಪು. ಆದ್ರ ಔಷಧ ಮಾತ್ರ ನಿಮಗ ಬೇಕು. ತಗೋತೀರೇನು?”

ಗುರುಪಾದಪ್ಪ ಇಸಾಕನ ಕಡೆ ತಿರುಗಿ, “ಇಸಾಕ ಕೊಟ್ರ ತಗೋತೇನ್ರಿ. ಮನ್ಯಾಗ ಬ್ಯಾಡ” ಎಂದ.

ಇಸಾಕ ಕಲ್ಲಿನಂಥ ಮುಖದಲ್ಲೇ, ತಡವಾಗಿ, ಹೂಂ ಅಂದ. ಬಿಲ್ಕೀಸ ಅವನನ್ನು ದುರುಗುಟ್ಟಿ ನೋಡಿದಳು. ಆದರೆ ಬೇಡ ಎನ್ನಲಿಲ್ಲ.

ಆ ಮಾತು ದವಾಖಾನೆಯ ಬಾಗಿಲು ದಾಟಿ ಬಜಾರಕ್ಕೆ ಹೋಗಲು ಬಹಳ ಹೊತ್ತು ಹಿಡಿಯಲಿಲ್ಲ. ಜಾಥಾದಲ್ಲಿ ಬಾಯಿ ಹರಿಯುವಂತೆ ಕೂಗಿದರೂ ಕಿವಿಗೆ ಹಾಕಿಕೊಳ್ಳದ ಊರು, ಇದನ್ನು ಮಾತ್ರ ಒಂದಕ್ಷರ ಬಿಡದೆ ಕೇಳಿಸಿಕೊಂಡಿತು. ಬಾಳಪ್ಪ ಬೀಡಿಯಿಂದ ಬಂದು ಅಂಗಳದಲ್ಲೇ ನಿಂತು, ಮನೆತನದ ಮಾನ ಕಳೆದಿ ಎಂದು ಒದರಿ, ನೀರೂ ಕುಡಿಯದೆ ಹೋದ. ಸಮೃದ್ಧಿ ಫೋನಿನಲ್ಲಿ ಅಳುತ್ತ, “ನನಗರ ಹೇಳಬೇಕಿತ್ತಿಲ್ಲವ್ವ” ಎಂದಳು. ಆ ವರ್ಷದ ಜಾಥಾದಲ್ಲಿ ಮೈಕು ಬೇರೆಯವಳ ಕೈಗೆ ಹೋಯಿತು. ಪ್ರಮಿಳಾ ಸಾಲಿನ ಕಡೆಯಲ್ಲಿ ನಡೆದಳು, ಬೇರೆಯವರು ಕೂಗಿದ್ದಕ್ಕೆ ದನಿ ಕೂಡಿಸಿದಳು. ಒಂದು ಮಧ್ಯಾಹ್ನ ಮಾತ್ರ ಹಿಂದಿನ ಓಣಿಯ ಒಬ್ಬ ಹೆಂಗಸು ಹಿತ್ತಲಿನಿಂದ ಬಂದು, ಮಗನಿಗಾಗಿ, ಆ ಹನಿಯ ಬಾಟಲಿಯ ಹೆಸರೇನು ಎಂದು ಪಿಸುಗುಟ್ಟಿದಳು. “ಹೆಸರ ಬ್ಯಾಡ. ಅವನ್ನ ಕರಕೊಂಡ ಬಾ. ಅವಗ ಹೇಳಿ ಕರಕೊಂಡ ಬಾ” ಎಂದಳು ಪ್ರಮಿಳಾ. ಆ ಹೆಂಗಸು ಬಂದ ದಾರಿಯಲ್ಲೇ ಹೋದಳು. ಮುಂದೆ ಕರೆದುಕೊಂಡು ಬರಲಿಲ್ಲ.

ಇಸಾಕನ ಕೈಯ ಬಿಗಿ ನಿಧಾನವಾಗಿ ಬಿಟ್ಟಿತು. ಸಾವಕಾರ ತಿರುಗಿ ಕರೆದ. ಹುಚ್ಚ ಎಂಬ ಹೆಸರು ಮಾತ್ರ ನಡುಕದಷ್ಟು ಬೇಗ ಹೋಗಲಿಲ್ಲ, ಓಣಿಯ ಹುಡುಗರ ಬಾಯಲ್ಲಿ ಇನ್ನೂ ಇದೆ. ಮುಂಜಾನೆ ಬಸ್‌ಸ್ಟ್ಯಾಂಡಿನಲ್ಲಿ ಅವನು ಅಂಗಿಯ ಕಿಸೆಯಿಂದ ಬಾಟಲಿ ತೆಗೆದು, ಗುರುಪಾದಪ್ಪನ ಎದುರಿಗೇ ಲೋಟದ ನೀರಿಗೆ ಹನಿ ಬಿಡುತ್ತಾನೆ. ಗುರುಪಾದಪ್ಪ ಕುಡಿಯುತ್ತಾನೆ. ಇಬ್ಬರೂ ಬಸ್ಸು ಹತ್ತುತ್ತಾರೆ. ಪ್ರಮಿಳಾ ಒಮ್ಮೆ ಕೆಲಸಕ್ಕೆ ಹೋಗುವಾಗ ಅದನ್ನು ರಸ್ತೆಯ ಈಚೆಯಿಂದ ನೋಡಿದಳು. ನೋಡಿ ತನ್ನ ದಾರಿ ಹಿಡಿದಳು.

ಮನೆಯಲ್ಲಿ ಅವನು ಮತ್ತೆ ಸಿಪ್ಪೆ ಇದ್ದದ್ದನ್ನು ತಿನ್ನತೊಡಗಿದ್ದ. ಈ ಸಲ ಅದು ರೋಗವಲ್ಲ, ಅದಕ್ಕೇ ಅದಕ್ಕೆ ಔಷಧವೂ ಇರಲಿಲ್ಲ. ಆಕೆ ಬುತ್ತಿ ಕಟ್ಟುತ್ತಿದ್ದಳು, ಅವನು ಒಯ್ಯುತ್ತಿದ್ದ, ಡಬ್ಬಿ ಖಾಲಿ ಬರುತ್ತಿತ್ತು. ಯಾರು ಉಂಡರು ಎಂದು ಆಕೆ ಕೇಳುತ್ತಿರಲಿಲ್ಲ. ಮಾತಿಗೆ ಮಾತು ಇತ್ತು. ಗ್ಯಾಸ್ ತೀರಿದೆ, ಮಗಳು ಫೋನ್ ಮಾಡಿದ್ದಳು, ನಾಳೆ ನೀರು ಬರುವುದಿಲ್ಲ. ಮಳೆಗಾಲ ಹಾಗೆಯೇ ಹೋಯಿತು. ಆಕೆ ತನ್ನೊಬ್ಬಳಿಗೆ ಅನ್ನ ಮಾಡಿಕೊಂಡು ಒಬ್ಬಳೇ ಉಣ್ಣುವುದನ್ನು ಕಲಿತಳು.

ಒಂದು ರಜಾ ದಿನ ಮಧ್ಯಾಹ್ನ ಆಕೆ ಅಡುಗೆ ಮನೆಯಲ್ಲಿ ತಾಟು ಹಚ್ಚಿಕೊಂಡು ಕುಳಿತಿದ್ದಳು. ಮೊಸರನ್ನ, ಒಂದು ಉಪ್ಪಿನಕಾಯಿ ಹೋಳು. ಗುರುಪಾದಪ್ಪ ಒಳಗೆ ಬಂದ. ನೀರಿಗೆ ಬಂದಿರಬೇಕು ಎಂದುಕೊಂಡಳು. ಅವನು ಎದುರಿಗೆ ಚಕ್ಕಳಬಕ್ಕಳ ಹಾಕಿ ಕುಳಿತ. ಆಕೆ ಅವನಿಗೊಂದು ತಾಟು ತರಲು ಏಳಹೋದಳು.

“ಏಳಬ್ಯಾಡ. ನೀ ಉಣ್ಣು.”

ಆಕೆ ಒಂದು ತುತ್ತು ಉಂಡಳು. ಅವನು ನೋಡಿದ. ಇನ್ನೊಂದು ಉಂಡಳು. ಅವನು ನೋಡುತ್ತಲೇ ಇದ್ದ. ಪೇಟೆಯಲ್ಲಿ ಚೀಲಗಳ ನಡುವೆ ಇಸಾಕನ ಮುಖವನ್ನು ಅವನು ಇದೇ ರೀತಿ ನೋಡಿರಬೇಕು ಎಂದು ಆಕೆಗೆ ಹೊಳೆಯಿತು. ಮತ್ತೊಂದು ತುತ್ತು ಉಂಡಳು. ಆಮೇಲೆ ಅವನು ಕೈ ಚಾಚಿ, ಆಕೆಯ ತಾಟಿನಿಂದ, ಆಕೆ ಉಂಡ ಬದಿಯಿಂದಲೇ ಒಂದು ತುತ್ತು ತೆಗೆದುಕೊಂಡ. ಗಂಡ ಉಂಡ ತಾಟಿನಲ್ಲಿ ಹೆಂಡತಿ ಉಣ್ಣುವುದು ಅವರ ಮನೆತನದಲ್ಲಿ ಉಂಟು. ಹೆಂಡತಿಯ ಎಂಜಲಿಗೆ ಗಂಡ ಕೈ ಹಾಕಿದ್ದನ್ನು ಆಕೆ ಎಲ್ಲೂ ಕಂಡಿರಲಿಲ್ಲ.

ಅವನು ನಿಧಾನವಾಗಿ ಅಗಿದು ನುಂಗಿದ.

“ಉಪ್ಪ ಕಮ್ಮಿ ಆಗೇತಿ,” ಎಂದ.

ಇಷ್ಟು ವರ್ಷದ ರೂಢಿ. ಆಕೆಯ ಕೈ ತಾನಾಗಿಯೇ ಉಪ್ಪಿನ ಡಬ್ಬಿಗೆ ಹೋಯಿತು, ಮುಚ್ಚಳ ತೆಗೆಯಿತು, ಚಿಟಿಕೆ ಹಿಡಿಯಿತು. ಅಲ್ಲೇ ನಿಂತಿತು. ಚಿಟಿಕೆಯ ಉಪ್ಪನ್ನು ತಿರುಗಿ ಡಬ್ಬಿಗೆ ಬಿಟ್ಟು, ಡಬ್ಬಿಯನ್ನು ಅವನ ಮುಂದೆ ಸರಿಸಿದಳು.

“ನೀವ ಹಾಕ್ಕೋರಿ,” ಅಂದಳು.